ಪುಟ್ಟಣ್ಣನವರ ಗುಟ್ಟಿನ ಕಸರತ್ತು

ಪುಟ್ಟಣ್ಣನವರು ವ್ಯಾಯಾಮ ಶುರುಮಾಡಲು ತೀರ್ಮಾನಿಸಿದ್ದು ಡಾಕ್ಟರ ಮಾತು ಕೇಳಿಯಲ್ಲ, ಮಗಳ ಮಾತನ್ನು ಕದ್ದು ಕೇಳಿ. ಡಾಕ್ಟರೇನೋ ಹೇಳುತ್ತಲೇ ಬಂದಿದ್ದರು. ಸಕ್ಕರೆ ಏರಿದೆ, ಮೈ ಬಗ್ಗಿಸಿ, ಒಂದಿಷ್ಟು ಬೆವರು ಹರಿಸಿ ಎಂದು ಹೋದಾಗಲೆಲ್ಲ ಹೇಳುವರು. ಪುಟ್ಟಣ್ಣನವರು ಭಕ್ತಿಯಿಂದ ತಲೆಯಾಡಿಸಿ ಹೊರಗೆ ಬಂದು, ಎದುರಿನ ಬೇಕರಿಯಲ್ಲಿ ಒಂದು ಖಾರದ ಬನ್ನು ತಿಂದು ಮನೆ ಸೇರುವರು. ಸಿಹಿ ತಿನ್ನಲಿಲ್ಲವಲ್ಲ ಎಂಬುದೇ ಅವರ ಸಮಾಧಾನವಾಗಿತ್ತು.

ಆದರೆ ಕಳೆದ ಭಾನುವಾರ ಅವರ ಅಕ್ಕ ವೆಂಕಟಲಕ್ಷ್ಮಿ ಸಿಂಗಸಂದ್ರದಿಂದ ಬಂದಿದ್ದರು, ತಮ್ಮನ ಮಗಳು ಸುಕೃತಿಗೆ ಒಂದು ಗಂಡು ನೋಡಿಕೊಂಡು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಅತ್ತೆಯಾಗುವವರಿಗೆ ಮಾತೇ ಕಡಿಮೆ. ಸುಕೃತಿ ಎಲ್ಲವನ್ನೂ ಸಾವಧಾನವಾಗಿ ಕೇಳಿ ಕೊನೆಗೆ, "ಅತ್ತೆ, ಅಪ್ಪನ ಸಕ್ಕರೆ ಒಂದು ಹದಕ್ಕೆ ಬರೋವರೆಗೂ ನಾನು ಎಲ್ಲಿಗೂ ಹೋಗಲ್ಲ. ಅಮ್ಮ ಇದ್ದಿದ್ರೆ ಬೇರೆ ಮಾತು. ನಾನೂ ಹೊರಟುಬಿಟ್ರೆ ಅಪ್ಪನ್ನ ನೋಡ್ಕೊಳ್ಳೋರು ಯಾರು?" ಎಂದಳು.

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಪುಟ್ಟಣ್ಣನವರ ಕೈ ಅಲ್ಲೇ ನಿಂತಿತು. ಹಿಂದೆ ಬಂದುಹೋದ ಸಂಬಂಧಗಳೆಲ್ಲ ಒಂದೊಂದಾಗಿ ನೆನಪಾದವು. ಎಲ್ಲದಕ್ಕೂ ಅವಳು ಕೊಟ್ಟ ಉತ್ತರ ಇದೇ. ಹೆಂಡತಿ ಹೋದಮೇಲೆ ಮಗಳನ್ನು ಒಬ್ಬನೇ ಬೆಳೆಸಿದೆ, ಓದಿಸಿದೆ ಎಂದು ಒಳಗೊಳಗೇ ಬೀಗುತ್ತಿದ್ದ ಮನುಷ್ಯನಿಗೆ, ತಾನೇ ಅವಳ ಮದುವೆಗೆ ಅಡ್ಡಗಾಲು ಹಾಕಿಕೊಂಡು ಕೂತಿದ್ದೇನೆ ಎಂದು ತಿಳಿದಾಗ ಅಳುವೇ ಬಂತು. ಅಂದು ಅಕ್ಕನಿಗೆ ಸಿಕ್ಕಿದ್ದು ತಣ್ಣಗಿನ ಕಾಫಿ.

ವ್ಯಾಯಾಮ ಮಾಡಲೇಬೇಕು, ಸರಿ. ಆದರೆ ಎಲ್ಲಿ ಮಾಡುವುದು? ರಾಜಗೋಪಾಲನಗರದ ಅವರ ಬೀದಿಯಲ್ಲಿ ಗುಟ್ಟಾಗಿ ಸೀನುವುದಕ್ಕೂ ಜಾಗವಿಲ್ಲ. ಹಿಂದೊಮ್ಮೆ ಅವರು ಬೆಳಗ್ಗೆ ವಾಕಿಂಗ್ ಹೊರಟಿದ್ದರು. ಎದುರುಮನೆಯ ದೀಪಶ್ರೀ ಗೇಟಿನ ಬಳಿಯೇ ತಡೆದು ಸಕ್ಕರೆಯೋ ಬೀಪಿಯೋ ಎಂದು ವಿಚಾರಿಸಿದಳು. ಹಾಲಿನ ಅಂಗಡಿಯವನು ಎಡಗೈ ಏನಾದರೂ ಸೆಳೆಯುತ್ತಿದೆಯೇ ಎಂದು ಕೇಳಿದ. ಸಂಜೆಯ ಹೊತ್ತಿಗೆ ಪುಟ್ಟಣ್ಣನವರಿಗೆ ಹಾರ್ಟ್ ಅಟ್ಯಾಕ್ ಎಂದು ಸುದ್ದಿಯಾಗಿ, ಅವರೊಡನೆ ಸರ್ಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರೆಲ್ಲ ಸೇಬು ಹಿಡಿದುಕೊಂಡು ಬಂದರು. ಟೆರೇಸಿನಲ್ಲಿ ಸೂರ್ಯನಮಸ್ಕಾರಕ್ಕೆ ಬಗ್ಗಿದ ದಿನ, ನೀರಿನ ಟ್ಯಾಂಕ್ ನೋಡಲು ಬಂದ ಮನೆಮಾಲೀಕ ಆಂಜಿನಪ್ಪ, ಏನು ಸಾರ್ ಕಳೆದುಹೋಯಿತು ಎಂದು ಕೇಳಿ ತಾನೂ ಪಕ್ಕದಲ್ಲಿ ಬಗ್ಗಿ ಹುಡುಕತೊಡಗಿದ್ದ. ಅವನ ಮನಸ್ಸಿಗೆ ನೋವಾಗಬಾರದೆಂದು ಪುಟ್ಟಣ್ಣನವರು ಚಾವಿ ಎಂದುಬಿಟ್ಟರು. ಇಬ್ಬರೂ ಬಿಸಿಲೇರುವವರೆಗೆ ಹುಡುಕಿದರು.

ಹಾಗಾಗಿ ಈ ಸಲ ಮನೆಯೊಳಗೇ, ಯಾರಿಗೂ ತಿಳಿಯದ ಹಾಗೆ ಎಂದು ನಿಶ್ಚಯವಾಯಿತು. ಸುಕೃತಿಗೂ ಹೇಳುವಂತಿಲ್ಲ. ಸಕ್ಕರೆ ಇಳಿದ ಮೇಲೆ ರಿಪೋರ್ಟನ್ನೇ ಅವಳ ಕೈಗಿತ್ತು, ಇನ್ನು ಧೈರ್ಯವಾಗಿ ಮದುವೆಯಾಗಮ್ಮ ಎನ್ನಬೇಕೆಂಬುದು ಅವರ ಆಸೆ.

ಶುಕ್ರವಾರ ಬೆಳಗ್ಗೆ ಮಗಳ ಸ್ಕೂಟರು ಬೀದಿ ಮೂಲೆ ತಿರುಗುವುದನ್ನೇ ಕಾದಿದ್ದ ಪುಟ್ಟಣ್ಣನವರು ಬಾಗಿಲಿಗೆ ಚಿಲಕ ಹಾಕಿದರು. ಕಿಟಕಿ ಮುಚ್ಚಿ ಪರದೆ ಎಳೆದರು. ಹಾಲಿನ ನಡುವೆ ಇದ್ದ ಟೀಪಾಯಿಯನ್ನು ಗೋಡೆಗೆ ಸರಿಸಿದರು. ಕಾರ್ಖಾನೆಯ ಹಳೆಯ ಕ್ರೀಡಾಕೂಟದಲ್ಲಿ ಹಂಚಿದ್ದ ಟೀ ಶರ್ಟು ಹಾಕಿಕೊಂಡರು. ಅದು ಹೊಟ್ಟೆಯ ಅರ್ಧದಲ್ಲೇ ಮುಗಿಯುತ್ತಿತ್ತು, ಇರಲಿ. ಫೋನನ್ನು ಗೂಡಿನಲ್ಲಿ ದೇವರ ಫೋಟೋಕ್ಕೆ ಒರಗಿಸಿ, 'ಹೊಸಬರಿಗಾಗಿ ವ್ಯಾಯಾಮ' ಎಂಬ ವಿಡಿಯೋ ಹಚ್ಚಿದರು. ನಗುಮುಖದ ಹುಡುಗಿಯೊಬ್ಬಳು, ಹೆದರಬೇಡಿ, ನಾನಿದ್ದೇನೆ ಎಂದಳು. ಇಷ್ಟು ಆತ್ಮೀಯವಾಗಿ ಯಾರಾದರೂ ಮಾತಾಡಿಸಿ ಎಷ್ಟೋ ದಿನವಾಗಿತ್ತು. ಅವಳು ಕೈ ಮೇಲೆತ್ತಿ ಕಾಲು ಅಗಲಿಸಿ ಹಾರಿದಳು, ಮತ್ತೆ ಕೈ ಇಳಿಸಿ ಕಾಲು ಜೋಡಿಸಿ ಹಾರಿದಳು. ಪುಟ್ಟಣ್ಣನವರೂ ಹಾರಿದರು.

ಹುಡುಗಿ ಬೆಕ್ಕಿನ ಹಾಗೆ ಇಳಿದಳು. ಇವರು ಇಳಿದಾಗ ಗೂಡಿನಲ್ಲಿದ್ದ ದೇವರು ಅಲುಗಾಡಿದರು.

ಕೆಳಗಿನ ಮನೆಯಲ್ಲಿ ಆಂಜಿನಪ್ಪನ ಹೆಂಡತಿ ಸಿದ್ದಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. ಈ ಬಡಾವಣೆ ಇವತ್ತು ಹೀಗಿದ್ದರೂ ಆಂಜಿನಪ್ಪನ ತಂದೆಯ ಕಾಲಕ್ಕೆ ರಾಗಿ ಹೊಲ. ಸಿದ್ದಮ್ಮ ಸೊಸೆಯಾಗಿ ಬಂದಾಗ ಇಲ್ಲಿ ಕಣವಿತ್ತು. ತಲೆಯ ಮೇಲೆ ಧಬ್, ಧಬ್ ಎಂದು ಬಿಡದೆ ಒಂದೇ ಹದದಲ್ಲಿ ಭಾರವಾದ ಸದ್ದು ಕೇಳಿದಾಗ ಅವಳ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು. ಅದು ಮೊಳೆ ಹೊಡೆಯುವ ಸದ್ದಲ್ಲ, ಮಂಚ ಸರಿಸುವ ಸದ್ದೂ ಅಲ್ಲ. ಅದು ಒನಕೆಯ ಸದ್ದು. ಮಿಕ್ಸಿಯಿರುವ ಈ ಕಾಲದಲ್ಲಿ ಯಾರ ಮನೆಯಲ್ಲಿ ಒನಕೆ ಎತ್ತುತ್ತಾರೆ? ಮದುವೆಗೆ ಮುಂಚೆ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಮಾತ್ರ. ಮೇಲಿನ ಮನೆಯಲ್ಲಿ ಮದುವೆಗೆ ಬಂದ ಹುಡುಗಿಯಿದ್ದಾಳೆ. ಶುಕ್ರವಾರ. ಗೋಡೆಯ ಕ್ಯಾಲೆಂಡರ್ ನೋಡಿದರೆ ದಿನವೂ ಚೆನ್ನಾಗಿದೆ. ಸಿದ್ದಮ್ಮನಿಗೆ ಎಲ್ಲವೂ ಸ್ಪಷ್ಟವಾಯಿತು. ಐದು ಜನ ಮುತ್ತೈದೆಯರನ್ನು ಕರೆಯಬೇಕಾದ ಕಾರ್ಯ, ಕೆಳಗೇ ಇರುವ ತನಗೆ ಒಂದು ಮಾತಿಲ್ಲ.

ಅಷ್ಟರಲ್ಲಿ ಮೇಲೆ ಪುಟ್ಟಣ್ಣನವರ ಕಾಲು ಉಳುಕಿತ್ತು. ದೊಡ್ಡದೇನಲ್ಲ, ಆದರೆ ಹೊಸಬರಿಗೆ ಎಲ್ಲವೂ ದೊಡ್ಡದೇ. ವಿಡಿಯೋ ನಿಲ್ಲಿಸಿ, ಕುಂಟುತ್ತ ಅಡುಗೆಮನೆಗೆ ಹೋಗಿ, ಅರಿಶಿನಕ್ಕೆ ಉಪ್ಪು ಬೆರೆಸಿ ಬಿಸಿಮಾಡಿ ಕಾಲಿನ ಗಿಣ್ಣಿಗೆ ಹಚ್ಚಿಕೊಂಡರು. ಹಚ್ಚಿ ಮುಗಿಯುವುದಕ್ಕೂ ಬಾಗಿಲ ಬೆಲ್ ಆಗುವುದಕ್ಕೂ ಸರಿಹೋಯಿತು.

ಬಾಗಿಲಲ್ಲಿ ಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಮೈಯೆಲ್ಲ ಬೆವತು ಏದುಸಿರು ಬಿಡುತ್ತಿದ್ದ ಪುಟ್ಟಣ್ಣನವರು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಟೀ ಶರ್ಟು ಮೇಲೇರಿತು. ಗಾಬರಿಯಿಂದ ಅದನ್ನು ಎರಡೂ ಕೈಯಲ್ಲಿ ಕೆಳಕ್ಕೆಳೆದರು. ಬಿಳಿ ಶರ್ಟಿನ ಮೇಲೆ ಹತ್ತು ಬೆರಳೂ ಹಳದಿಯಾಗಿ ಮೂಡಿದವು.

"ಪುಟ್ಟಣ್ಣೋರೆ, ಅರಿಶಿನ ಕುಟ್ತಾ ಇದ್ರಾ?"

ಪುಟ್ಟಣ್ಣನವರ ಕಣ್ಣ ಮುಂದೆ ಸೇಬು ಹಿಡಿದ ಸ್ನೇಹಿತರ ಸಾಲು ಸುಳಿಯಿತು. ವ್ಯಾಯಾಮ ಎಂದು ಬಾಯಿಬಿಟ್ಟರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಅರಿಶಿನ ಎಂದರೆ ಯಾರಿಗೇನು ನಷ್ಟ? ಮದುವೆ ಮುಂಜಿಯ ಶಾಸ್ತ್ರಗಳನ್ನೆಲ್ಲ ಹೆಂಡತಿಯ ಮೇಲೆ ಬಿಟ್ಟು ಪೆಂಡಾಲಿನಲ್ಲಿ ಪೇಪರ್ ಓದುತ್ತ ಕೂರುತ್ತಿದ್ದ ಆ ಮಹಾನುಭಾವರಿಗೆ, ಮನೆಯಲ್ಲಿ ಅರಿಶಿನ ಕುಟ್ಟುವುದೆಂದರೆ ಏನೆಂಬುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. "ಹೂಂ" ಎಂದರು. ಅವರ ಜೀವಮಾನದಲ್ಲಿ ಇಷ್ಟು ದುಬಾರಿಯಾದ ಹೂಂ ಇನ್ನೊಂದಿಲ್ಲ.

ಜಗಳಕ್ಕೆಂದು ಬಂದಿದ್ದ ಸಿದ್ದಮ್ಮನ ಕಣ್ಣು ತುಂಬಿಕೊಂಡಿತು. "ತಾಯಿಲ್ಲದ ಮಗು ಅಂತ, ಗಂಡಸು ನೀವೊಬ್ರೇ ಬಾಗ್ಲಾಕ್ಕಂಡು ಕುಟ್ಟೋದಾ? ಕೆಳಗಡೆ ನಾವೇನ್ ಸತ್ತೋಗಿದ್ವಾ ಪುಟ್ಟಣ್ಣೋರೆ? ಇಂಗೆಲ್ಲಾ ಮಾಡಬಾರ್ದು. ನೀವು ಸುಮ್ಕೆ ಕೂತ್ಕಳಿ. ಮಿಕ್ಕಿದ್ದು ನಾವ್ ನೋಡ್ಕತೀವಿ," ಎಂದವಳೇ ಸೆರಗಿನಿಂದ ಕಣ್ಣೊರೆಸುತ್ತ ಮೆಟ್ಟಿಲಿಳಿದಳು.

ತಾವು ಒಪ್ಪಿಕೊಂಡದ್ದು ಏನನ್ನು ಎಂಬುದು ಪುಟ್ಟಣ್ಣನವರಿಗೆ ತಿಳಿಯುವಷ್ಟರಲ್ಲಿ ಅವಳು ಬೀದಿಗಿಳಿದಾಗಿತ್ತು. ಇವರು ಕುಂಟಿಕೊಂಡು ಗೇಟಿನ ಬಳಿ ಬಂದಾಗ ಆಂಜಿನಪ್ಪ ಸ್ಟೂಲು ಹತ್ತಿ ಮಾವಿನ ತೋರಣ ಕಟ್ಟುತ್ತಿದ್ದ. ಮಾವಿನೆಲೆ ಎಲ್ಲಿಂದ ಬಂತೋ ದೇವರೇ ಬಲ್ಲ. ಎದುರುಮನೆಯ ದೀಪಶ್ರೀ ಅದರ ಫೋಟೋ ತೆಗೆಯುತ್ತಿದ್ದಳು. ಬೀದಿಯ ವಾಟ್ಸಾಪ್ ಗ್ರೂಪಿಗೆ ಅವಳೇ ಅಡ್ಮಿನ್. ನೀರು ಬಂತು, ಕರೆಂಟು ಹೋಯಿತು ಎಂಬುದನ್ನೆಲ್ಲ ನೀರು ಕರೆಂಟುಗಳಿಗಿಂತ ಮೊದಲೇ ತಿಳಿಸುವವಳು. ಪುಟ್ಟಣ್ಣನವರು, ಮದುವೆ ಏನೂ ಇಲ್ಲಮ್ಮ ಎಂದು ಬಾಯಿ ತೆರೆಯುವಷ್ಟರಲ್ಲಿ 'ಸುಕೃತಿಗೆ ಅಭಿನಂದನೆಗಳು' ಎಂದು ಫೋಟೋ ಹೋಗಿಯಾಗಿತ್ತು, ಹೂಗುಚ್ಛಗಳು ಬಂದಿಳಿಯುತ್ತಿದ್ದವು.

ಹುಡುಗ ಎಲ್ಲಿಯವನು ಅಂಕಲ್ ಎಂದು ದೀಪಶ್ರೀ ಕೇಳಿದಳು. ಹುಡುಗನೇ ಇಲ್ಲ ಎಂದರು ಪುಟ್ಟಣ್ಣನವರು. ಸಿದ್ದಮ್ಮ ಅವಳನ್ನು ಪಕ್ಕಕ್ಕೆ ಕರೆದು, ದೃಷ್ಟಿಯಾಗಬಾರದೆಂದು ಮುಚ್ಚಿಡುತ್ತಿದ್ದಾರೆ, ಕೆದಕಬೇಡ ಎಂದು ಪಿಸುಗುಟ್ಟಿದಳು. ಆಮೇಲೆ ಪುಟ್ಟಣ್ಣನವರು ಇಲ್ಲ ಇಲ್ಲ ಎಂದಷ್ಟೂ ಹುಡುಗನ ಅಂತಸ್ತು ಏರುತ್ತ ಹೋಯಿತು. ಮೊದಲು ಇಂಜಿನಿಯರ್ ಆಗಿದ್ದವನು, ಇವರು ಆಣೆಯಿಟ್ಟ ಮೇಲೆ ವಿದೇಶಕ್ಕೇ ಹೋದ.

ಸ್ವಲ್ಪ ಹೊತ್ತಿನಲ್ಲಿ ಅಟ್ಟದ ಮೇಲೆ ಧೂಳು ಹಿಡಿದಿದ್ದ ಮರದ ಒರಳನ್ನು ಆಂಜಿನಪ್ಪ ಮೆಟ್ಟಿಲು ಮೆಟ್ಟಿಲಾಗಿ ಹೊತ್ತು ತಂದು ಪುಟ್ಟಣ್ಣನವರ ಹಾಲಿನ ನಡುವೆ ಇಟ್ಟ. ಟೀಪಾಯಿ ಸರಿಸಿ ಜಾಗ ಮಾಡಿದ್ದು ನೋಡಿ, ಎಲ್ಲ ತಯಾರಿ ಮಾಡ್ಕೊಂಡೇ ಇದ್ರಲ್ಲ ಸಾರ್ ಎಂದು ಮೆಚ್ಚಿದ. ಸಿದ್ದಮ್ಮ ನಾಲ್ಕು ಜನ ಹೆಂಗಸರನ್ನು ಕರೆತಂದು ಒನಕೆಗೆ ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆ ಕಟ್ಟಿದಳು. ಯಾರದೋ ಮೊಣಕೈ ತಾಗಿ ಗೂಡಿನಲ್ಲಿದ್ದ ಫೋನಿಗೆ ಜೀವ ಬಂತು. ತುಂಬಾ ಚೆನ್ನಾಗಿದೆ, ನಿಲ್ಲಿಸಬೇಡಿ, ಇನ್ನೂ ಜೋರಾಗಿ ಎಂದಿತು ಹುಡುಗಿಯ ಸ್ವರ. ದೀಪಶ್ರೀ ಸೆರಗು ಸರಿಮಾಡಿಕೊಂಡು, ಗಂಡಿನ ತಂಗಿಯಾ ಅಂಕಲ್, ಎಷ್ಟು ಸರಳವಾಗಿದ್ದಾಳೆ ಎಂದಳು.

ಪುಟ್ಟಣ್ಣನವರು ಫೋನು ಕಿತ್ತುಕೊಂಡದ್ದೇ ತಡ, ಅದು ಬಡಿದುಕೊಳ್ಳತೊಡಗಿತು. ಸಿಂಗಸಂದ್ರದಿಂದ ಅಕ್ಕ. ದೀಪಶ್ರೀಯ ಫೋಟೋ ಯಾರ ಯಾರ ಕೈ ದಾಟಿತೋ, ಹೊಸೂರು ರಸ್ತೆಯ ಟ್ರಾಫಿಕ್ಕನ್ನು ಲೆಕ್ಕಿಸದೆ ಅಲ್ಲಿಗೆ ತಲುಪಿತ್ತು. ಆ ಹುಡುಗನ ಮನೆಯವರಿಗೆ ಸ್ವಲ್ಪ ತಾಳಿ ಎಂದು ಹೇಳಿ ಬಂದವಳು ನಾನು, ನನ್ನ ಮುಖ ಎಲ್ಲಿಡಲಿ, ಸ್ವಂತ ಅಕ್ಕನಿಗೆ ಹೇಳದೆ ಮಗಳ ಮದುವೆ ಗೊತ್ತುಮಾಡುವಷ್ಟು ದೊಡ್ಡವನಾದೆಯಾ ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿ, ಕ್ಯಾಬ್ ಹತ್ತಿದ್ದೇನೆ ಎಂದು ಫೋನಿಟ್ಟರು. ಮರುಕ್ಷಣವೇ ಸುಕೃತಿ.

"ಅಪ್ಪ, ನನಗೆ ಮದುವೆಯಂತೆ. ಆಫೀಸಲ್ಲಿ ಎಲ್ಲರೂ ಕೈಕುಲುಕ್ತಿದ್ದಾರೆ. ಹುಡುಗನ ಹೆಸರು ನನಗೂ ಹೇಳಿದ್ರೆ ಕೇಳಿದವರಿಗೆ ಹೇಳೋಕೆ ಅನುಕೂಲ."

ಆ ತಣ್ಣನೆಯ ದನಿ ಕೇಳಿ ಪುಟ್ಟಣ್ಣನವರು ಫೋನು ಹಿಡಿದು ಬಾಗಿಲ ಬಳಿಗೆ ಸರಿದರು. ಒಳಗೆ ಒನಕೆ ಬೀಳುತ್ತಿತ್ತು, ಹೆಂಗಸರು ಸೋಬಾನೆ ಎತ್ತಿಕೊಂಡಿದ್ದರು. ಸುಕೃತಿಗೆ ಅದೂ ಕೇಳಿಸಿರಬೇಕು. ಅರ್ಧ ದಿನ ರಜೆ ಹಾಕಿ ಬರ್ತಿದ್ದೀನಿ ಎಂದಷ್ಟೇ ಹೇಳಿ ಫೋನಿಟ್ಟಳು.

ಪುಟ್ಟಣ್ಣನವರು ಗೋಡೆಗೊರಗಿ ನಿಂತು ಒರಳನ್ನೇ ನೋಡಿದರು. ಅಪ್ಪನಿಗಾಗಿ ಮದುವೆಯೇ ಬೇಡ ಎಂದ ಹುಡುಗಿಗೆ ಅಪ್ಪನೇ ಗಂಡಿಲ್ಲದ ಮದುವೆ ಮಾಡಿಸುತ್ತಿದ್ದಾನೆ. ನಾಳೆ ಇದೆಲ್ಲ ಸುಳ್ಳೆಂದು ಗೊತ್ತಾದಾಗ ಜನ ಏನೆನ್ನುತ್ತಾರೆ? ಮದುವೆ ಮುರಿಯಿತು ಎನ್ನುತ್ತಾರೆ. ಮುರಿಯಲು ಏನು ಕಾರಣ ಎನ್ನುತ್ತಾರೆ. ಹಾರಿದ್ದು ಇವರು, ಹೆಸರು ಕೆಡುವುದು ಅವಳದು. ಇಷ್ಟು ಹೊತ್ತು ತಮ್ಮ ನಾಚಿಕೆಯನ್ನು ಕಾಪಾಡಿಕೊಂಡಿದ್ದ ಪುಟ್ಟಣ್ಣನವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

"ನಿಲ್ಸಿ," ಎಂದರು. ಒನಕೆ ಗಾಳಿಯಲ್ಲೇ ನಿಂತಿತು. "ಬೆಳಗ್ಗೆ ನಾನು ಅರಿಶಿನ ಕುಟ್ತಾ ಇರ್ಲಿಲ್ಲ. ವ್ಯಾಯಾಮ ಮಾಡ್ತಾ ಇದ್ದೆ. ಹಾರ್ತಾ ಇದ್ದೆ."

ಒಂದು ಕ್ಷಣ ಎಲ್ಲರೂ ಅವರನ್ನು ನೋಡಿದರು, ಮುಖವನ್ನಲ್ಲ, ಹೊಟ್ಟೆಯನ್ನು. ಆಮೇಲೆ ನಗು ಒಬ್ಬರಿಂದ ಒಬ್ಬರಿಗೆ ಹರಡಿತು. ಆಂಜಿನಪ್ಪ ಮಾತ್ರ ನಗಲಿಲ್ಲ. ಸಮಾಧಾನವಾಗಿ ಅವರ ಹೆಗಲ ಮೇಲೆ ಕೈಯಿಟ್ಟ. "ಸಾರ್, ನಿಮ್ಮನ್ನ ಎಷ್ಟೊರ್ಸದಿಂದ ನೋಡ್ತಾ ಇವ್ನಿ. ಮೆಟ್ಲತ್ತೋವಾಗ ನಡುವೆ ನಿಂತ್ಕಂಡು ಪೇಪರ್ ಓದೋ ಮನುಷ್ಯ ನೀವು. ಹುಡ್ಗ ಬೇರೆ ಜಾತಿಯೋನಾ? ಇರ್ಲಿ ಬಿಡಿ, ನಾವೇನೂ ಅನ್ನಾಕಿಲ್ಲ."

ಬೇಡವೆಂದರೂ ಊಟದ ಹೊತ್ತಿಗೆ ಸಿದ್ದಮ್ಮನ ಮನೆಯಿಂದ ಪಾಯಸ ಬಂತು. ಸಕ್ಕರೆಯವರು ಎಂದು ನೆನಪಾಗಿ ಅದನ್ನು ಅವರ ಎದುರಿನಿಂದಲೇ ಎತ್ತಿ ಬೇರೆಯವರಿಗೆ ಬಡಿಸಿದರು. ಪುಟ್ಟಣ್ಣನವರು ಬಾಗಿಲ ಕಡೆ ನೋಡುತ್ತ ಕೂತರು. ಕೊನೆಗೆ ಕೆಳಗೆ ಸ್ಕೂಟರಿನ ಸದ್ದೂ ಕ್ಯಾಬಿನ ಬಾಗಿಲು ಬಡಿದ ಸದ್ದೂ ಒಟ್ಟಿಗೇ ಕೇಳಿದವು. ಮುಂದೆ ಅಕ್ಕ, ಹಿಂದೆ ಮಗಳು. ಅಕ್ಕ ಚಪ್ಪಲಿಯನ್ನೂ ಬಿಡದೆ ಹಾಲಿಗೆ ಬಂದು, ಒರಳನ್ನೂ ಹೆಂಗಸರನ್ನೂ ನೋಡಿ, ತಮ್ಮನ ಎದುರು ನಿಂತರು.

"ಹುಡುಗ ಯಾರೋ ಪುಟ್ಟಾ?"

"ಹುಡುಗ ಇಲ್ಲ ಅಕ್ಕ. ನಾನು ವ್ಯಾಯಾಮ ಮಾಡಿದೆ, ಇವರು ಒನಕೆ ಅಂದ್ಕೊಂಡ್ರು."

ಅಕ್ಕ ಆ ಮಾತನ್ನು ಕೇಳಿಸಿಕೊಂಡ ಹಾಗೂ ಕಾಣಲಿಲ್ಲ. ಸುಕೃತಿ ಹೆಲ್ಮೆಟ್ ಕೈಯಲ್ಲೇ ಹಿಡಿದು ಅಪ್ಪನನ್ನು ನೋಡುತ್ತಿದ್ದಳು. ಅವಳೂ ನಂಬಿಲ್ಲವೆಂದು ಪುಟ್ಟಣ್ಣನವರಿಗೆ ಗೊತ್ತಾಯಿತು. ಬೇರೆ ಯಾರು ನಂಬದಿದ್ದರೂ ನಡೆಯುತ್ತಿತ್ತು. ಅವರು ಫೋನನ್ನು ಮತ್ತೆ ಗೂಡಿನಲ್ಲಿಟ್ಟು ವಿಡಿಯೋ ಹಚ್ಚಿದರು. ನಗುಮುಖದ ಹುಡುಗಿ, ಹೆದರಬೇಡಿ ಎಂದಳು. ಒರಳಿನ ಪಕ್ಕದಲ್ಲಿ ನಿಂತು, ಎಂಟು ಜನರ ಎದುರು, ಪುಟ್ಟಣ್ಣನವರು ಕೈ ಮೇಲೆತ್ತಿ ಹಾರಿದರು.

ಪಾತ್ರೆಗಳು ಗಲಗಲ ಎಂದವು. ಒರಳಿನಿಂದ ಅರಿಶಿನದ ಹುಡಿ ಎದ್ದಿತು. ಸಿದ್ದಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತವಳು ಇದ್ದಕ್ಕಿದ್ದ ಹಾಗೆ, ನಿಲ್ಲಿಸಬೇಡಿ, ಕೆಳಗೆ ಹೋಗಿ ಕೇಳಿ ಬರುತ್ತೇನೆ ಎಂದು ಓಡಿದಳು. ಉಳುಕಿದ ಕಾಲು ನೋಯುತ್ತಿತ್ತು, ಟೀ ಶರ್ಟು ಎಲ್ಲಿಗೋ ಏರಿತ್ತು, ಕಣ್ಣಿಗೆ ಬೆವರು ಇಳಿಯುತ್ತಿತ್ತು. ಪುಟ್ಟಣ್ಣನವರು ಹಾರುತ್ತಲೇ ಇದ್ದರು. ಕೆಳಗಿನಿಂದ ಸಿದ್ದಮ್ಮನ ಕೂಗು ಬಂತು.

"ಇದೇಯ. ನಾ ಕೇಳಿದ್ದು ಇದೇ ಸದ್ದು ಕಣ್ರೀ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಗು ನಿಂತು ಎಲ್ಲರೂ ತಮ್ಮನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದಾರೆ ಎಂಬುದು ಪುಟ್ಟಣ್ಣನವರ ಅರಿವಿಗೆ ಬಂದಿತ್ತು. ಹುಡುಗಿ ಬಗ್ಗಿದಾಗ ಬಗ್ಗಿದರು, ಎದ್ದಾಗ ತಡವಾಗಿಯಾದರೂ ಎದ್ದರು. ವಿಡಿಯೋ ಮುಗಿಯುವವರೆಗೂ ನಿಲ್ಲಲಿಲ್ಲ. ಕೊನೆಗೆ ಆಂಜಿನಪ್ಪನೇ ಮೊದಲು ಚಪ್ಪಾಳೆ ತಟ್ಟಿದ.

ಏದುಸಿರಿನ ನಡುವೆಯೇ ಪುಟ್ಟಣ್ಣನವರು ಅಕ್ಕನ ಕಡೆ ತಿರುಗಿದರು. "ಇವಳು ನನ್ನ ಸಕ್ಕರೆಗೋಸ್ಕರ ಮದುವೆ ಬೇಡ ಅಂತಿದ್ದಾಳಲ್ಲ, ಅದಕ್ಕೇ ಶುರುಮಾಡಿದೆ ಅಕ್ಕ. ನನ್ನ ದೆಸೆಯಿಂದ ಅವಳ ಜೀವನ ನಿಲ್ಲಬಾರದು."

ಮೆಟ್ಟಿಲು ಹತ್ತಿ ಬಂದ ಸಿದ್ದಮ್ಮ ಮತ್ತೆ ಸೆರಗಿಗೆ ಕಣ್ಣು ಒತ್ತಿಕೊಂಡಳು. ದೀಪಶ್ರೀ ಇದನ್ನೂ ಗ್ರೂಪಿಗೆ ಹಾಕಿದಳು, ಈ ಸಲ ನಿಜವಾದ ಸುದ್ದಿ. ಅಕ್ಕ ಒರಳಿನ ಪಕ್ಕದ ಕುರ್ಚಿಯಲ್ಲಿ ಕುಸಿದು, ಚಪ್ಪಲಿ ಬಿಚ್ಚಿ, ಎಳೆಯ ಮಗುವನ್ನು ನೋಡುವಂತೆ ತಮ್ಮನನ್ನು ನೋಡಿದರು. ಪುಟ್ಟಣ್ಣನವರ ಎದೆ ಉಬ್ಬಿತು. ನಿವೃತ್ತಿಯ ದಿನ ಹಾರ ಹಾಕಿದಾಗ ಕೂಡ ಅವರಿಗೆ ಇಷ್ಟು ಸಂತೋಷವಾಗಿರಲಿಲ್ಲ.

"ಅಪ್ಪ, ಸ್ವಲ್ಪ ಒಳಗೆ ಬಾ. ನೀರು ಕುಡಿ," ಎಂದಳು ಸುಕೃತಿ.

ಅಡುಗೆಮನೆಯಲ್ಲಿ ಅವಳು ಬಾಗಿಲನ್ನು ಅರ್ಧ ಮುಚ್ಚಿದಳು. ಲೋಟ ತುಂಬಿಸಿ ಕೊಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು. ಪುಟ್ಟಣ್ಣನವರು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, "ಇನ್ನು ನನ್ನಿಂದ ನಿನಗೆ ಅಡ್ಡಿ ಇಲ್ಲ ಕಣಮ್ಮ," ಎಂದರು.

ಸುಕೃತಿ ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟಳು. "ಅಪ್ಪ, ಆ ಅಡ್ಡಿ ನನಗೆ ಬೇಕಾಗಿತ್ತು."

ಪುಟ್ಟಣ್ಣನವರಿಗೆ ಅರ್ಥವಾಗಲಿಲ್ಲ.

"ನನಗೆ ಈಗ ಮದುವೆ ಬೇಡ. ಬೇಡ ಅಂದ್ರೆ ಯಾಕೆ ಬೇಡ, ಯಾರನ್ನಾದ್ರೂ ನೋಡ್ಕೊಂಡಿದ್ದಾಳಾ, ಜಾತಕದಲ್ಲಿ ಏನಾದ್ರೂ ಇದ್ಯಾ ಅಂತ ಎಲ್ಲರೂ ಕೇಳ್ತಾರೆ. ಅಪ್ಪಂಗೆ ಸಕ್ಕರೆ ಅಂದ್ರೆ ಯಾರೂ ಏನೂ ಕೇಳಲ್ಲ. ಪಾಪ ಅಂದು ಹೊರಟುಹೋಗ್ತಾರೆ. ಅದಕ್ಕೇ ಎಲ್ಲಾನೂ ನಿನ್ನ ಸಕ್ಕರೆ ಮೇಲೆ ಹಾಕ್ತಿದ್ದೆ."

ಪೀಣ್ಯದ ಕಂಪನಿಯಲ್ಲಿ ಲೋಹದ ಬಿಡಿಭಾಗಗಳ ಅಚ್ಚು ವಿನ್ಯಾಸ ಮಾಡುವುದು ಅವಳ ಕೆಲಸ. ಹೊಸದಾಗಿ ಶುರುವಾಗುವ ಒಂದು ವಿಭಾಗವನ್ನು ಅವಳಿಗೇ ಒಪ್ಪಿಸುವುದೆಂದು ಮಾತಾಗಿತ್ತಂತೆ. ಇವತ್ತು ಬೆಳಗ್ಗೆ ಮದುವೆಯ ಸುದ್ದಿ ಹಬ್ಬಿದ ಕೂಡಲೇ ಮ್ಯಾನೇಜರು ಕರೆದು ಶುಭಾಶಯ ಹೇಳಿ, ಹಾಗಾದರೆ ಆ ಕೆಲಸ ಬೇರೆ ಯಾರಿಗಾದರೂ ಕೊಡಬೇಕಲ್ಲವೇ ಎಂದರಂತೆ.

ಪುಟ್ಟಣ್ಣನವರು ಲೋಟವನ್ನು ಕೆಳಗಿಟ್ಟರು. ಇಷ್ಟು ದಿನ ನಿದ್ದೆಗೆಟ್ಟದ್ದು, ಕದ್ದು ಹಾರಿದ್ದು, ಹೊಟ್ಟೆ ತೋರಿಸಿಕೊಂಡು ಕುಣಿದದ್ದು ಎಲ್ಲ ನೆನಪಾಯಿತು. ಸ್ವಲ್ಪ ನೋವೂ ಆಯಿತು. "ಹಾಗಾದ್ರೆ ನನ್ನ ಬಗ್ಗೆ ನಿನಗೆ ಚಿಂತೆ ಇರ್ಲಿಲ್ವಾ?"

"ಇತ್ತಪ್ಪ. ಈಗಲೂ ಇದೆ. ಅದಕ್ಕೂ ಮದುವೆಗೂ ಸಂಬಂಧ ಇಲ್ಲ ಅಷ್ಟೇ. ನಿಂಗೆ ಹೇಳಿದ್ರೆ ಅತ್ತೆ ಮುಂದೆ ನಿನ್ನ ಬಾಯಲ್ಲಿ ಸುಳ್ಳು ಬರಲ್ಲ."

ಅದು ನಿಜವೇ. ಅಕ್ಕನ ಎದುರು ಪುಟ್ಟಣ್ಣನವರು ಸಣ್ಣವರಿದ್ದಾಗ ಕದ್ದ ಬೆಲ್ಲವನ್ನೂ ಒಪ್ಪಿಕೊಂಡವರು. ಅವರು ಮಗಳ ಮುಖ ನೋಡಿದರು. ತಾನು ಅವಳಿಗೆ ಹೊರೆಯಾಗಿದ್ದೇನೆಂದು ಕೊರಗುತ್ತಿದ್ದ ದಿನಗಳಲ್ಲೆಲ್ಲ ಅವಳು ಅಪ್ಪನ ಬೆನ್ನ ಹಿಂದೆ ನಿಂತು ನೆರಳು ಪಡೆಯುತ್ತಿದ್ದಳು. ಅದನ್ನು ನೆನೆದಾಗ ನೋವು ಹೋಗಿ, ಏನೋ ಒಂದು ಹಗುರವಾಯಿತು. ನಗು ಬರುವಂತಾಯಿತು.

ಹೊರಗಿನಿಂದ ಅಕ್ಕನ ಫೋನಿನ ಮಾತು ಕೇಳಿಸಿತು. "ಹೌದು ಹೌದು, ಇನ್ನೇನೂ ತೊಂದರೆ ಇಲ್ಲ. ಹುಡುಗಿಯ ತಂದೆ ಈಗ ಕುದುರೆ ಹಾಗಿದ್ದಾನೆ, ನಮ್ಮ ಕಣ್ಣೆದುರೇ ಹಾರಿದ. ಈ ಭಾನುವಾರವೇ ಬಂದುಬಿಡಿ. ಅರಿಶಿನ ಕೂಡ ಕುಟ್ಟಿ ಆಗಿದೆ."

ತಂದೆ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಪುಟ್ಟಣ್ಣನವರಿಗೆ ಜೀವನದಲ್ಲಿ ಮೊದಲ ಬಾರಿಗೆ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದ್ದರು. ಆ ಸದ್ದು ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು. ಅವರು ಒಂದು ನಿಟ್ಟುಸಿರು ಬಿಟ್ಟು, ಬಾಗಿಲು ತಳ್ಳಿ, ಹಾಲಿಗೆ ಎರಡು ಹೆಜ್ಜೆ ಇಟ್ಟು, ಸೊಂಟ ಹಿಡಿದುಕೊಂಡು "ಅಮ್ಮಾ" ಎಂದು ಕುಸಿದರು.

ನಾಟಕದಲ್ಲಿ ಎಂದೂ ಪಾರ್ಟು ಮಾಡಿದವರಲ್ಲ, ಆದರೂ ಬಿದ್ದದ್ದು ಚೆನ್ನಾಗಿತ್ತು. ಒರಳು ಹಿಡಿದುಕೊಳ್ಳಲು ಹೋಗಿ ಅದೂ ಸಿಗದೆ ಚಾಪೆಯ ಮೇಲೆ ಉರುಳಿದರು. ಅಕ್ಕ ಫೋನಿಗೆ, ಸ್ವಲ್ಪ ತಾಳಿ, ಮತ್ತೆ ಮಾಡ್ತೀನಿ, ಈಗಲೇ ಹೊರಡಬೇಡಿ ಎಂದರು. ನಾನ್ ಆವಾಗ್ಲೇ ಹೇಳಲಿಲ್ವಾ ಎಂದ ಆಂಜಿನಪ್ಪ. ಅವನು ಹೇಳಿದ್ದೇನೆಂಬುದು ಯಾರಿಗೂ ನೆನಪಿರಲಿಲ್ಲ, ಆದರೂ ಎಲ್ಲರೂ ಹೌದೆಂದರು.

ಸುಕೃತಿ ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ನೋಡಿ ಅತ್ತೆ. ಇವರನ್ನ ಬಿಟ್ಟು ನಾನು ಹೇಗೆ ಹೋಗಲಿ?" ಎನ್ನುವಾಗ ಅವಳ ದನಿ ನಡುಗುತ್ತಿತ್ತು. ಅಳುತ್ತಿದ್ದಾಳೆ ಪಾಪ ಎಂದು ಹೆಂಗಸರು ಮರುಗಿದರು. ಅವಳ ಹೊಟ್ಟೆ ಕುಲುಕುತ್ತಿದ್ದದ್ದು ಪುಟ್ಟಣ್ಣನವರ ತಲೆಗೆ ಮಾತ್ರ ಗೊತ್ತಾಗುತ್ತಿತ್ತು.

ಮುಂದಿನದನ್ನು ಸಿದ್ದಮ್ಮ ವಹಿಸಿಕೊಂಡಳು. ಪುಟ್ಟಣ್ಣನವರನ್ನು ಬೋರಲು ಮಲಗಿಸಿ, ಮದುವೆಗೆಂದು ಕುಟ್ಟಿದ ಅರಿಶಿನವನ್ನೆಲ್ಲ ಉಪ್ಪಿನ ಜೊತೆ ಬಿಸಿಮಾಡಿ, ಆಂಜಿನಪ್ಪನ ಕೈಯಲ್ಲಿ ಬೆನ್ನಿಗೆ ಮೆತ್ತಿಸಿದಳು. ಈ ಮನೆಯಲ್ಲಿ ಇನ್ನು ವ್ಯಾಯಾಮದ ಹೆಸರೆತ್ತಕೂಡದು ಎಂದು ಅಕ್ಕ ಅಪ್ಪಣೆ ಮಾಡಿದರು. ಮೇಲೆ ಒಂದೇ ಒಂದು ಸದ್ದು ಕೇಳಿದರೂ ಓಡಿ ಬರುತ್ತೇನೆ ಎಂದು ಸಿದ್ದಮ್ಮ ಮಾತು ಕೊಟ್ಟಳು. ದೀಪಶ್ರೀ ಗ್ರೂಪಿನಲ್ಲಿ ಸುದ್ದಿಯನ್ನು ತಿದ್ದಿದಳು. ಹಳೆಯ ಸಹೋದ್ಯೋಗಿಯೊಬ್ಬರು ಸೇಬು ತಗೊಂಡು ಹೊರಟಿದ್ದೇವೆ ಎಂದು ಆಗಲೇ ಉತ್ತರಿಸಿದ್ದರು. ಬೆಳಗ್ಗೆ ಪುಟ್ಟಣ್ಣನವರಿಗೆ ಇದ್ದದ್ದು ಬರೀ ಸಕ್ಕರೆ. ಈಗ ಸಕ್ಕರೆಯೂ ಇತ್ತು, ಸೊಂಟವೂ ಇತ್ತು, ಕೆಳಗೆ ಕಾವಲೂ ಇತ್ತು.

ಜನ ಕರಗಿದ ಮೇಲೆ ಸುಕೃತಿ ಬಗ್ಗಿ ಅಪ್ಪನ ಕಿವಿಯ ಬಳಿ ಪಿಸುಗುಟ್ಟಿದಳು. "ಮ್ಯಾನೇಜರಿಗೆ ಫೋನ್ ಮಾಡಿದೆ. ಕೆಲಸ ನಂದೇ. ನಾಳೆಯಿಂದ ಬೆಳಗ್ಗೆ ನೀನೂ ನಾನೂ ಒಟ್ಟಿಗೆ ಮಾಡೋಣ. ಹಾರದೇ ಇರೋ ವ್ಯಾಯಾಮ ಬೇಕಾದಷ್ಟಿದೆ, ಒಂದು ಚೂರೂ ಸದ್ದಾಗಲ್ಲ. ಸಕ್ಕರೆ ಇಳಿಸ್ಲೇಬೇಕು. ಆದ್ರೆ ಇಳಿದದ್ದು ಮಾತ್ರ ಯಾರಿಗೂ ಹೇಳೋದು ಬೇಡ."

ಪುಟ್ಟಣ್ಣನವರು ದಿಂಬಿನೊಳಗೆ ಮುಖ ಹುದುಗಿಸಿ ನಕ್ಕರು. ಹೆಂಡತಿ ಹೋದಮೇಲೆ ಆ ಮನೆಯಲ್ಲಿ ಇಬ್ಬರೂ ಸೇರಿ ಒಂದು ಗುಟ್ಟನ್ನು ಇಟ್ಟುಕೊಂಡದ್ದು ಇದೇ ಮೊದಲು. ನಾಳೆ ಬೇಗ ಬೆಳಗಾಗಲಿ ಎನ್ನಿಸಿತು ಅವರಿಗೆ.

ಅಷ್ಟರಲ್ಲಿ ಅಕ್ಕ ಬಿಸಿ ಹಾಲು ಹಿಡಿದುಕೊಂಡು ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತರು. "ನಿಜ ಹೇಳೋ ಪುಟ್ಟಾ. ಎಲ್ಲಿ ನೋಯ್ತಿದೆ?"

ಪುಟ್ಟಣ್ಣನವರು ಇನ್ನೊಂದು ಸುಳ್ಳಿಗೆ ಸಿದ್ಧರಾಗಿ, ಏಳಲೆಂದು ಕೈಯೂರಲು ನೋಡಿದರು. ಕೈ ಏಳಲಿಲ್ಲ. ಕಾಲು ಎಳೆದುಕೊಂಡರು, ಅದೂ ಬರಲಿಲ್ಲ. ಕುತ್ತಿಗೆ ತಿರುಗಲಿಲ್ಲ. ಆಯುಸ್ಸಿಡೀ ಕುರ್ಚಿಯಲ್ಲಿ ಕೂತಿದ್ದ ಮೈ ಒಂದೇ ದಿನದ ಹಾರಾಟದ ಲೆಕ್ಕವನ್ನು ಈಗ ಒಪ್ಪಿಸತೊಡಗಿತ್ತು.

"ಎಲ್ಲ ಕಡೆ, ಅಕ್ಕ," ಎಂದರು. ಚಾಪೆ ಹಿಡಿದ ಮೇಲೆ ಅವರು ಆಡಿದ ಮಾತುಗಳಲ್ಲಿ ಅದೊಂದೇ ನಿಜವಾಗಿತ್ತು.